ಮೂವತ್ತನಾಲ್ಕು ವರ್ಷದ ಸಕ್ಕರೆ

ರಂಗಸ್ವಾಮಿಗೆ ಫೋನು ಬಂತೆಂದರೆ ಮಾಕವಳ್ಳಿಯ ಅರ್ಧ ಬೀದಿಗೆ ಫೋನು ಬಂದಂತೆಯೇ ಲೆಕ್ಕ. ಅವನು ಅದನ್ನು ಕಿವಿಗಿಟ್ಟುಕೊಂಡು ಮಾತಾಡಿದವನೇ ಅಲ್ಲ. ಸ್ಪೀಕರ್ ಹಾಕಿ, ಅಂಗೈ ಮೇಲೆ ಮಲಗಿಸಿ, ಬಾಯಿಯ ಮುಂದೆ ಹಿಡಿದು ಕೂಗುವುದು ಅವನ ಪದ್ಧತಿ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕ ಬರೆಯುತ್ತಾ ಮೂವತ್ತೊಂದು ವರ್ಷ ಕಳೆದವನು. ಲಾರಿ, ಟ್ರಾಕ್ಟರುಗಳ ಸದ್ದಿನ ಮೇಲೆ ಏರಿಸಿದ ಗಂಟಲು ರಿಟೈರಾಗಿ ಮೂರು ವರ್ಷವಾದರೂ ಇಳಿದಿರಲಿಲ್ಲ. ಗಂಟಲಾದರೂ ಹೋಗಲಿ, ಒಂದು ಕೇಳಿದರೆ ನಾಲ್ಕು ಹೇಳುವ ಚಾಳಿ ಬೇರೆ. ಇದರಿಂದ ಅವನ ಹೆಂಡತಿ ಜಯಲಕ್ಷ್ಮಮ್ಮ ಅನುಭವಿಸಿದ ಪಜೀತಿಗಳನ್ನೆಲ್ಲ ಬರೆಯಹೊರಟರೆ ಒಂದು ಪುಸ್ತಕವೇ ಆದೀತು. ಇಲ್ಲಿರುವುದು ಒಂದೇ ಒಂದರ ಸಮಾಚಾರ.

ಗೌರಿ ಹಬ್ಬ ಕಳೆದ ಮೂರನೆಯ ದಿನ ಆ ಫೋನು ಬಂತು. ಜಯಲಕ್ಷ್ಮಮ್ಮ ಜಗಲಿಯ ಮೇಲೆ ಬಲಗಾಲನ್ನು ಉದ್ದಕ್ಕೆ ಚಾಚಿಕೊಂಡು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಆ ಕಾಲನ್ನು ಮಡಚಿ ಕೂರುವ ಭಾಗ್ಯ ತಪ್ಪಿ ನಾಲ್ಕು ವರ್ಷವಾಗಿತ್ತು. ಮಂಡಿ ಸವೆದಿದೆ, ಆಪರೇಷನ್ ಮಾಡಿ ಬದಲಾಯಿಸಬೇಕು ಎಂದು ಡಾಕ್ಟರು ಹೇಳಿದ್ದರು. ರಂಗಸ್ವಾಮಿ ರಿಟೈರಾದ ವಾರವೇ ಇಬ್ಬರಿಗೂ ಸೇರಿಸಿ ಒಂದು ಹೆಲ್ತ್ ಇನ್ಶೂರೆನ್ಸ್ ಮಾಡಿಸಿದ್ದ. ಮಂಡಿನೋವಿನ ವಿಷಯವನ್ನು ಅರ್ಜಿಯಲ್ಲೇ ಬರೆಸಿದ್ದರಿಂದ ಕಂಪನಿಯವರು, ಮಿಕ್ಕದ್ದಕ್ಕೆಲ್ಲ ಕೊಡುತ್ತೇವೆ, ಮಂಡಿಗೆ ಮಾತ್ರ ಮೂರು ವರ್ಷ ಕಾಯಬೇಕು ಎಂದಿದ್ದರು. ಆ ಮೂರು ವರ್ಷ ಮುಂದಿನ ವಾರ, ಐದನೇ ತಾರೀಕಿಗೆ ಮುಗಿಯುವುದಿತ್ತು. ನಾಲ್ಕನೆಯ ವರ್ಷದ ಕಂತು ಕಟ್ಟಿಬಿಟ್ಟರೆ ಜಯಲಕ್ಷ್ಮಮ್ಮನ ಮಂಡಿಯೂ ಕಂಪನಿಯ ಜವಾಬ್ದಾರಿಗೆ ಸೇರುತ್ತಿತ್ತು. ಬೆಳ್ಳೂರು ಕ್ರಾಸಿನ ಆಸ್ಪತ್ರೆಯಲ್ಲಿ ಹೆಸರನ್ನೂ ಬರೆಸಿದ್ದಾಗಿತ್ತು. ಅವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಾ ಬಂದಿದ್ದಳು.

“ನಮಸ್ಕಾರ ರಂಗಸ್ವಾಮಿ ಅವರೇ. ನನ್ನ ಹೆಸರು ಸಹನ. ನಿಮ್ಮ ಆರೋಗ್ಯ ವಿಮಾ ಕಂಪನಿಯಿಂದ ಕರೆ ಮಾಡುತ್ತಿದ್ದೇನೆ. ನವೀಕರಣಕ್ಕೆ ಮುನ್ನ ಕೆಲವು ಪ್ರಶ್ನೆಗಳಿವೆ. ಈ ಕರೆಯನ್ನು ಧ್ವನಿಮುದ್ರಿಸಲಾಗುತ್ತಿದೆ.”

“ಮುದ್ರುಸ್ಕಳವ್ವ, ಮುದ್ರುಸ್ಕೊ. ನಂದೇನೈತೆ ಮುಚ್ಚುಮರೆ,” ಎಂದ ರಂಗಸ್ವಾಮಿ.

ಹುಡುಗಿಯ ಕನ್ನಡ ಅಚ್ಚುಕಟ್ಟಾಗಿತ್ತು, ರೇಡಿಯೋದಲ್ಲಿ ವಾರ್ತೆ ಓದುವವರ ಕನ್ನಡ. ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ಆಯಿತು.

“ನಿಮಗೆ ಸಕ್ಕರೆ ಇದೆಯೇ?”

“ಐತೆ ಕಣವ್ವ.”

“ಎಷ್ಟು ವರ್ಷಗಳಿಂದ?”

“ಫ್ಯಾಕ್ಟ್ರಿ ಸೇರ್ದಾಗಿಂದ್ಲೂ ಐತೆ. ಮೂವತ್ತೊಂದು, ಆಮ್ಯಾಕೆ ಮೂರು. ಮೂವತ್ನಾಕು ವರ್ಸ ಅಂತ ಬರ್ಕೊ.”

ಅವನು ಹೇಳಿದ್ದು ಸತ್ಯವೇ. ಕೆಲಸದಲ್ಲಿದ್ದಾಗ ನೌಕರರ ಪಾಲಿನದು, ಈಗ ಅರ್ಧ ಎಕರೆ ಕಬ್ಬು ಹಾಕಿದ್ದಕ್ಕೆ ಬೆಳೆಗಾರರ ಪಾಲಿನದು, ಅಂತೂ ರಿಯಾಯಿತಿ ಸಕ್ಕರೆ ಆ ಮನೆಗೆ ತಪ್ಪಿದ್ದಿಲ್ಲ. ಇನ್ಶೂರೆನ್ಸಿನವರಿಗೆ ಅದೆಲ್ಲ ಯಾಕೆ ಬೇಕು ಎಂದು ಜಯಲಕ್ಷ್ಮಮ್ಮನಿಗೆ ಒಂದು ಗಳಿಗೆ ಅನ್ನಿಸಿತು. ಬ್ಯಾಂಕಿನವರು ಎಷ್ಟು ಹಸು, ಎಷ್ಟು ಕರು ಎಂದು ಕೇಳುವುದಿಲ್ಲವೇ, ಇದೂ ಹಾಗೇ ಇರಬೇಕೆಂದು ಸುಮ್ಮನಾದಳು.

“ಈಗ ಎಷ್ಟಿದೆ ಸರ್?”

“ಹಬ್ಬುಕ್ ಮುಂಚೆ ಇಪ್ಪತ್ತೈದಿತ್ತು. ಈಗ ಇಪ್ಪತ್ತುಕ್ ಇಳ್ದದೆ.”

ನಾಗಮಂಗಲಕ್ಕೆ ಕೊಟ್ಟಿದ್ದ ಮಗಳು ಪ್ರಮೀಳಾ ಹಬ್ಬಕ್ಕೆ ಬಂದವಳು ಹೋಗುವಾಗ ಐದು ಕೆ.ಜಿ. ಕಟ್ಟಿಸಿಕೊಂಡು ಹೋಗಿದ್ದಳು. ಅಷ್ಟನ್ನು ಹೇಳದೆ ಬಿಟ್ಟನಲ್ಲ, ಸದ್ಯ ಎಂದುಕೊಂಡಳು ಜಯಲಕ್ಷ್ಮಮ್ಮ.

ಆ ಕಡೆ ಟಕಟಕ ಟೈಪು ಮಾಡುವ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು. “ಇದರಿಂದ ನಿಮಗೆ ಏನಾದರೂ ತೊಂದರೆ ಆಗುತ್ತಿದೆಯೇ?”

“ತೊಂದ್ರೆ ಅಂದ್ರೆ ಇರುವೆ ಕಣವ್ವ. ಎಲ್ಲೆಲ್ಲಿಂದ್ಲೋ ಬಂದು ಮುತ್ಕತವೆ.”

“ಓ! ಔಷಧಿ ತೆಗೆದುಕೊಳ್ಳುತ್ತಿದ್ದೀರಾ?”

“ಹಾಕ್ತೀವಿ. ವಾರುಕ್ಕೊಂದ್ಸಲ.”

“ಹಾಕುತ್ತೀರಾ? ಇಂಜೆಕ್ಷನ್ನೇ?”

“ಅಯ್ಯೋ, ಪುಡಿ ಕಣವ್ವ. ಅಂಗ್ಡೀಲೇ ಸಿಕ್ತದಲ್ಲ.”

“ಆಯುರ್ವೇದ,” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾ ಹುಡುಗಿ ಟೈಪು ಮಾಡಿದಳು. “ಕುಟುಂಬದಲ್ಲಿ ಬೇರೆ ಯಾರಿಗಾದರೂ ಇದೆಯೇ?”

“ನಮ್ ತಮ್ಮ ತಮ್ಮಯ್ಯಂಗೂ ಐತೆ. ಅವ್ನೂ ಕಬ್ಬಾಕವ್ನೆ. ನಮ್ಮ ಬೀದೀಲಿ ಯಾರ್ಗಿಲ್ಲ ಹೇಳು!”

ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಕರು ಹಗ್ಗ ಬಿಚ್ಚಿಕೊಂಡು ಹಸುವಿನ ಕೆಚ್ಚಲಿಗೆ ಬಾಯಿ ಹಾಕಿತು. ಸಂಜೆ ಡೈರಿಗೆ ಹಾಕುವ ಹಾಲು! ಜಯಲಕ್ಷ್ಮಮ್ಮ ಕಂಬ ಹಿಡಿದು ಎದ್ದು, ಕಾಲೆಳೆದುಕೊಂಡು ಹಿತ್ತಲಿಗೆ ಹೋದಳು. ಕರುವನ್ನು ಕಟ್ಟಿ ವಾಪಸು ಬರುವ ಹೊತ್ತಿಗೆ ಮಾತು ಮುಗಿದಿತ್ತು. ರಂಗಸ್ವಾಮಿ ಫೋನನ್ನು ಜೇಬಿಗೆ ಹಾಕಿಕೊಂಡು ಬೀದಿ ಬಾಗಿಲಲ್ಲಿ ನಿಂತಿದ್ದ.

“ಇನ್ನೇನ್ ಕೇಳುದ್ಲು?”

“ಏನಿಲ್ಲ. ಎಸ್ರು, ವಯಸ್ಸು,” ಎಂದವನೇ ಟವೆಲು ಹೆಗಲಿಗೆ ಹಾಕಿಕೊಂಡು ಗದ್ದೆ ಕಡೆ ಹೊರಟುಹೋದ.

ಮೂರನೆಯ ದಿನ ಕೆ.ಆರ್. ಪೇಟೆಯಿಂದ ಏಜೆಂಟು ತಿಮ್ಮರಾಜು ಬೈಕಿನಲ್ಲಿ ಬಂದ. ಪಾಲಿಸಿ ಮಾಡಿಸಿದವನು ಅವನೇ. ಬಂದವನು ಕಾಫಿಗೂ ಕಾಯದೆ ಒಂದು ಇಂಗ್ಲಿಷ್ ಕಾಗದವನ್ನು ಬಿಡಿಸಿದ.

“ರಂಗಣ್ಣ, ಕಂಪನಿಯೋರು ಈ ಸಲ ರಿನ್ಯೂವಲ್ ಮಾಡಕಿಲ್ಲ ಅಂದ್ಬುಟ್ಟವ್ರೆ. ನಿಂಗೆ ಶುಗರ್ ಐತಂತೆ. ಮೂವತ್ನಾಕು ವರ್ಸದಿಂದ. ಅದ್ನ ಮುಚ್ಚಿಟ್ಟು ಪಾಲಿಸಿ ತಗಂಡಿದ್ದೀಯಂತೆ.”

“ಯಾವನ್ಲಾ ಅಂಗಂದೋನು?” ಎಂದು ರಂಗಸ್ವಾಮಿ ಎದ್ದು ನಿಂತ.

“ನೀನೇ ಕಣಣ್ಣ. ರೆಕಾರ್ಡ್ ಆಗೈತಂತೆ.”

ಜಯಲಕ್ಷ್ಮಮ್ಮನಿಗೆ ಥಟ್ಟನೆ ಹೊಳೆಯಿತು. ಮಂಡ್ಯ ಸೀಮೆಯಲ್ಲಿ ಡಬ್ಬದಲ್ಲಿರುವುದು ಸಕ್ಕರೆ, ಮೈಯಲ್ಲಿರುವುದು ಶುಗರ್ರು. ಇವೆರಡನ್ನು ಮೂರು ವರ್ಷದ ಮಗುವೂ ಅದಲುಬದಲು ಮಾಡುವುದಿಲ್ಲ. ಶುಗರ್ ಐತಾ ಎಂದು ಕೇಳಿದ್ದರೆ ರಂಗಸ್ವಾಮಿ, ನಮ್ಮ ವಂಶದಲ್ಲೇ ಇಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದ. ಆ ಹುಡುಗಿಯ ಶುದ್ಧ ಕನ್ನಡ ಜಯಲಕ್ಷ್ಮಮ್ಮ ಕಾದಿದ್ದ ಮೂರು ವರ್ಷಕ್ಕೆ ಕೊಳ್ಳಿಯಿಟ್ಟಿತ್ತು.

“ಅಯ್ಯೋ ನಿಮ್ಮ ಬಾಯ್ಗೆ ಮಣ್ಣಾಕ!” ಎಂದಳು ಗಂಡನಿಗೆ. “ಒಂದ್ ಮಾತು ‘ಯಾವ ಸಕ್ರೆ’ ಅಂತ ಕೇಳಕ್ಕಾಗ್ಲಿಲ್ವ? ಇರುವೆ ಸಮಾಚಾರ ಬೇರೆ ಹೇಳುದ್ರಿ!”

“ಅವ್ಳು ಸಕ್ರೆ ಅಂದ್ಲು ಕಣಮ್ಮಿ. ಸಕ್ರೆ ಅಂದ್ರೆ ಸಕ್ರೆಯ. ಇರಾದ್ನ ಇಲ್ಲ ಅನ್ನಕ್ಕಾಯ್ತದಾ?”

ತಿಮ್ಮರಾಜು ನಡುವೆ ಬಾಯಿ ಹಾಕಿದ. “ಆದದ್ದಾಯ್ತು ಬುಡಕ್ಕ. ಬೇರೆ ಕಂಪನೀಲಿ ಹೊಸಾ ಪಾಲಿಸಿ ಮಾಡ್ಸ್ಬುಡಾನ. ಫಾರಮ್ಮೂ ತಂದಿವ್ನಿ.”

“ಹೊಸದ್ರಲ್ಲಿ ಮಂಡಿಗೆ?”

“ಅದು ಮೊದ್ಲಿಂದ ಮೂರು ವರ್ಸ...”

“ಹಳೇದು ಮುಂದುವರುದ್ರೆ ನಿಂಗೆ ಕಮಿಷನ್ ಎಷ್ಟು ಸಿಕ್ತದೆ, ಹೊಸ್ದು ಮಾಡ್ಸುದ್ರೆ ಎಷ್ಟು ಸಿಕ್ತದೆ, ಅದ್ನ ಒಸಿ ಹೇಳು ತಿಮ್ಮರಾಜು.”

ತಿಮ್ಮರಾಜುವಿಗೆ ಕಿಕ್ಕೇರಿಯಲ್ಲಿ ಯಾರೋ ಕಾಯುತ್ತಿರುವುದು ತಕ್ಷಣ ನೆನಪಾಯಿತು. ಫಾರಮನ್ನು ಜಗಲಿಯ ಮೇಲೇ ಬಿಟ್ಟು ಬೈಕು ಹತ್ತಿದ. ಜಯಲಕ್ಷ್ಮಮ್ಮ ಒಳಗೆ ಹೋಗಿ ಕ್ಯಾಲೆಂಡರಿನ ಮುಂದೆ ನಿಂತಳು. ಇನ್ನು ಮೂರು ವರ್ಷ ಈ ಕಾಲಿನಲ್ಲಿ ಹಾಲು ಕರೆಯುವುದು, ಬಚ್ಚಲಿಗೆ ಹೋಗುವುದು, ಎದ್ದು ಕೂರುವುದು ಅವಳಿಂದ ಆಗುವ ಮಾತಾಗಿರಲಿಲ್ಲ. ಗಂಡನೆದುರು ಅಳಬಾರದೆಂದು ಸೊಪ್ಪಿಗೆ ಒಗ್ಗರಣೆ ಹಾಕಿದಳು.

ಅಂದಿನಿಂದ ರಂಗಸ್ವಾಮಿಯ ಕಾಫಿಗೆ ಸಕ್ಕರೆ ನಿಂತಿತು. ಒಂದು ಲೋಟಕ್ಕೆ ಮೂರು ಚಮಚ ಕುಡಿಯುತ್ತಿದ್ದವನು ಮೊದಲ ಗುಟುಕಿಗೇ ಮುಖ ಕಿವುಚಿದ.

“ಏನೇ ಇದು?”

“ನಿಮ್ಗೆ ಶುಗರ್ ಐತಲ್ಲ. ಕಂಪನಿಯೋರೇ ಬರ್ದವ್ರೆ,” ಎಂದಳು. ಅವನು ಲೋಟ ಖಾಲಿ ಮಾಡಿದ.

ಬೆಳ್ಳೂರು ಕ್ರಾಸಿನ ಅದೇ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಜಯಲಕ್ಷ್ಮಮ್ಮನ ಅಕ್ಕ ಮಂಚಮ್ಮನ ಮಗಳು ಸ್ನೇಹ ಕೆಲಸ ಮಾಡುತ್ತಿದ್ದಳು. ಗಂಡ ಹೆಂಡತಿ ನಾಗಮಂಗಲದ ಬಸ್ಸು ಹಿಡಿದು, ಅಲ್ಲಿ ಬಸ್ಸು ಬದಲಾಯಿಸಿ, ಮಧ್ಯಾಹ್ನದೊಳಗೆ ಅವಳ ಮುಂದೆ ಕೂತರು. ಕಾಗದ ಓದಿ, ನಡೆದದ್ದನ್ನು ಕೇಳಿ, ಸ್ನೇಹ ಕೌಂಟರಿನ ಕೆಳಗೆ ತಲೆ ಬಗ್ಗಿಸಿ ಎರಡು ನಿಮಿಷ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಕೆಲಸದ ಮುಖ ಹಾಕಿಕೊಂಡಳು.

“ಚಿಕ್ಕವ್ವ, ನೀನು ಎದ್ರುಕೋಬ್ಯಾಡ. ವಯಸ್ಸಾಯ್ತು ಅಂತನೋ, ಹೋದ್ವರ್ಸ ಕ್ಲೇಮ್ ತಗಂಡ್ರು ಅಂತನೋ ಕಂಪನಿಯೋರು ರಿನ್ಯೂವಲ್ ನಿಲ್ಸಂಗಿಲ್ಲ. ಸುಳ್ಳು ಹೇಳಿ ಪಾಲಿಸಿ ತಗಂಡವ್ರೆ ಅಂತ ಸಾಬೀತಾದ್ರೆ ಮಾತ್ರ ನಿಲ್ಲಿಸ್ಬೋದು. ಸಾಬೀತು ಮಾಡೋದು ಅವ್ರ ಕೆಲ್ಸ, ನಿಮ್ದಲ್ಲ.”

“ಐದ್ನೇ ತಾರೀಕು ನಾಳಿದ್ದೇ ಅಲ್ವೇನೆ?”

“ಅದಾದ್ಮೇಲೂ ಮೂವತ್ತು ದಿನ ಟೈಮ್ ಐತೆ. ಅಷ್ಟ್ರೊಳಗೆ ಕಂತು ಕಟ್ಟುದ್ರೆ ನೀನು ಕಾದಿರೋ ಮೂರು ವರ್ಸ ಎಲ್ಲೂ ಹೋಗಕಿಲ್ಲ. ಆದ್ರೆ ಒಂದು. ಕಂತು ಕಟ್ಟೋವರ್ಗೂ ಆಸ್ಪತ್ರೆ ಸೇರುದ್ರೆ ಕಂಪನಿ ಕಾಸು ಕೊಡಕಿಲ್ಲ. ಅದ್ಕೇ ಇಬ್ರೂ ಉಸಾರಾಗಿರಿ.”

ಹಾಗೆಂದು ಅವಳು ರಂಗಸ್ವಾಮಿಯನ್ನು ಲ್ಯಾಬಿಗೆ ಕಳಿಸಿ ರಕ್ತ ಕೊಡಿಸಿದಳು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯೂ ಅದರಲ್ಲಿತ್ತು. ರಿಪೋರ್ಟು ಬರುವ ತನಕ ಜಯಲಕ್ಷ್ಮಮ್ಮ ಬೆಂಚಿನ ಮೇಲೆ ಕೂತು ಊರಿನ ದೇವರಿಗೆಲ್ಲ ಹರಕೆ ಹೊತ್ತಳು. ದಿನಕ್ಕೆ ನಾಲ್ಕು ಕಾಫಿ, ಕಾಫಿಗೆ ಮೂರು ಚಮಚ, ಅದೂ ಮೂವತ್ತನಾಲ್ಕು ವರ್ಷ! ನಿಜವಾಗಿಯೂ ಇದ್ದುಬಿಟ್ಟರೆ ಯಾರನ್ನು ಕೇಳುವುದು? ಕಡೆಗೆ ಸ್ನೇಹ ಕಾಗದ ಹಿಡಿದು ಬಂದು, ಚಿಕ್ಕಪ್ಪನಿಗೆ ಶುಗರಿನ ಸುಳಿವೂ ಇಲ್ಲ ಎಂದಳು. ಜಯಲಕ್ಷ್ಮಮ್ಮನಿಗೆ ಹೋದ ಜೀವ ಬಂದಂತಾಯಿತು. ಅದರ ಹಿಂದೆಯೇ, ಇಷ್ಟು ತಿಂದರೂ ಈ ಮನುಷ್ಯನಿಗೆ ಏನೂ ಆಗಿಲ್ಲವಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು.

ಸ್ನೇಹ ರಿಪೋರ್ಟು ಲಗತ್ತಿಸಿ, ಡಬ್ಬದ ಸಕ್ಕರೆಗೂ ಮೈಯ ಶುಗರಿಗೂ ಇರುವ ಫರಕನ್ನು ವಿವರಿಸಿ, ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಕಳಿಸಿದಳು. ಎರಡು ವಾರದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ ಇನ್ಶೂರೆನ್ಸ್ ತಕರಾರು ಬಗೆಹರಿಸುವ ಬೆಂಗಳೂರಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಫೀಸೂ ಇಲ್ಲ, ಲಾಯರೂ ಬೇಡ ಎಂದಳು.

ಇತ್ತ ರಂಗಸ್ವಾಮಿ ‘ಉಸಾರಾಗಿರಿ’ ಎಂಬ ಒಂದು ಮಾತನ್ನು ಸರ್ಕಾರಿ ಹುಕುಂ ಎಂದು ತಿಳಿದ. ಹೆಂಡತಿ ನೆಲ ಒರೆಸುವಂತಿಲ್ಲ, ಜಾರೀತು. ಬಿಂದಿಗೆ ಎತ್ತುವಂತಿಲ್ಲ, ಬಿದ್ದೀತು. ಮಾರನೆಯ ದಿನ ಹಾಲು ಕರೆಯಲು ತಾನೇ ಚೊಂಬು ಹಿಡಿದು ಹೊರಟ. ಜೀವಮಾನದಲ್ಲಿ ಕೆಚ್ಚಲು ಮುಟ್ಟಿದವನಲ್ಲ. ಹಸು ಒಂದು ಗಳಿಗೆ ಅವನನ್ನು ತಿರುಗಿ ನೋಡಿ, ಯಾರೆಂದು ಖಚಿತ ಮಾಡಿಕೊಂಡು, ತೊಡೆಗೆ ಸರಿಯಾಗಿ ಒಂದು ಒದೆ ಕೊಟ್ಟಿತು. ಚೊಂಬು ಹಿತ್ತಲ ಬೇಲಿಯಾಚೆ ಬಿತ್ತು.

“ಒದೀತಾ?” ಎಂದು ಜಯಲಕ್ಷ್ಮಮ್ಮ ಓಡಿಬರಲಾರದೆ ಬಾಗಿಲಿನಿಂದಲೇ ಕೂಗಿದಳು.

“ಇಲ್ಲ, ಇಲ್ಲ. ಕಾಲ್ ತಗುಲ್ತು ಅಷ್ಟೆ.”

“ಡಾಕ್ಟ್ರತ್ರ ಹೋಗಾನ ನಡೀರಿ.”

“ಕಂತು ಕಟ್ಟೋವರ್ಗೂ ನಂಗೇನೂ ಆಗಿಲ್ಲ ಕಣಮ್ಮಿ,” ಎಂದು ಅವನು ಕುಂಟುತ್ತಾ ಚೊಂಬು ಹುಡುಕಲು ಹೋದ. ಒಂದು ವಾರ ಆ ಮನೆಯಲ್ಲಿ ಇಬ್ಬರೂ ಕುಂಟಿದರು, ಒಬ್ಬರು ಬಲಗಡೆಗೆ, ಒಬ್ಬರು ಎಡಗಡೆಗೆ.

ಹದಿನಾಲ್ಕನೆಯ ದಿನಕ್ಕೆ ಉತ್ತರ ಬಂತು. ಸ್ನೇಹ ಅದನ್ನು ಫೋನಿನಲ್ಲಿ ಓದಿ ಹೇಳಿದಳು. ಪಾಲಿಸಿದಾರರ ರಕ್ತದಲ್ಲಿ ಸಕ್ಕರೆ ಅಂಶ ಸರಿಯಾಗಿರುವುದು ಸಂತೋಷದ ವಿಷಯ; ಅವರು ವಾರಕ್ಕೊಮ್ಮೆ ಸೇವಿಸುತ್ತಿರುವ ಆಯುರ್ವೇದದ ಪುಡಿಯಿಂದ ಕಾಯಿಲೆ ಹತೋಟಿಯಲ್ಲಿದೆಯೆಂದು ಇದರಿಂದ ತಿಳಿದುಬರುತ್ತದೆ; ಕಾಯಿಲೆಯನ್ನು ಅವರೇ ಒಪ್ಪಿಕೊಂಡ ಧ್ವನಿಮುದ್ರಿಕೆ ನಮ್ಮಲ್ಲಿದೆ.

“ಇರುವೆ ಪುಡೀನ ನಾನು ತಿಂತೀನಂತಾ?” ಎಂದ ರಂಗಸ್ವಾಮಿ, ನಿಜವಾಗಿಯೂ ಗಾಬರಿಯಾಗಿ.

“ಚಿಕ್ಕಪ್ಪ, ಒಂಬುಡ್ಸ್‌ಮನ್‌ಗೆ ಬರ್ದ್ರೆ ನಾವು ಗೆಲ್ತೀವಿ. ಆದ್ರೆ ಅಷ್ಟ್ರೊಳಗೆ ಮೂವತ್ತು ದಿನ ದಾಟೋಯ್ತದೆ. ಅದುಕ್ ಮುಂಚೆ ಶ್ರೀರಂಗಪಟ್ಣದ ಬ್ರಾಂಚಿಗೆ ಹೋಗಿ, ಆ ರೆಕಾರ್ಡಿಂಗ್ ನಮ್ಮುಂದೆ ಹಾಕಿ ಅಂತ ಕೇಳಿ. ಕೇಳಿದೋರ್ಗೆಲ್ಲ ಗೊತ್ತಾಯ್ತದೆ. ಮ್ಯಾನೇಜರ್ಗೆ ನಾನು ಫೋನ್ ಮಾಡಿರ್ತೀನಿ.”

“ರೆಕಾರ್ಡಿಂಗ್ ಯಾಕವ್ವ? ಬರ್ದೇ ಕೊಡಾನ,” ಎಂದ ರಂಗಸ್ವಾಮಿ.

“ಯಾಕಂತೆ? ಕೇಳಾನ,” ಎಂದಳು ಜಯಲಕ್ಷ್ಮಮ್ಮ.

“ಅವ್ರ ಆಫೀಸ್ನಲ್ಲಿ ನಾಕು ಜನ ಇರ್ತಾರೆ. ಮರ್ವಾದೆ ಪ್ರಶ್ನೆ ಕಣಮ್ಮಿ.”

ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಮರ್ಯಾದೆಯ ಪ್ರಶ್ನೆ ಎತ್ತಿದ್ದು ಇದೇ ಮೊದಲು. ಜಯಲಕ್ಷ್ಮಮ್ಮನಿಗೆ ಅನುಮಾನ ಬಲವಾಯಿತು. ತಾನು ಕರು ಕಟ್ಟಲು ಹೋದಾಗ ಇನ್ನೂ ಏನೋ ಅನಾಹುತ ಹೇಳಿದ್ದಾನೆ. ತಮ್ಮಯ್ಯನ ಬೀಡಿ ಚಟವನ್ನು ತನ್ನದೆಂದು ಹೇಳಿದನೋ, ಹಿಂದೊಮ್ಮೆ ಹಬ್ಬದಲ್ಲಿ ಕುಡಿದು ಬಂದದ್ದನ್ನು ಒಪ್ಪಿಸಿದನೋ, ಯಾರಿಗೆ ಗೊತ್ತು?

ಆ ಮೂವತ್ತು ದಿನದಲ್ಲಿ ಇಪ್ಪತ್ತೆರಡನೆಯ ದಿನ ಇಬ್ಬರೂ ಹೊರಟರು. ಚಿನಕುರಳಿಯ ಹತ್ತಿರ ಜಲ್ಲಿ ತುಂಬಿದ ಲಾರಿಯೊಂದು ಕೆಟ್ಟು ನಿಂತು ಬಸ್ಸು ಮುಕ್ಕಾಲು ಗಂಟೆ ತಡವಾಯಿತು. ರಂಗಸ್ವಾಮಿ ವಾಚು ನೋಡಿ, ಇನ್ನೊಂದು ದಿನ ಹೋಗೋಣವೇ ಎಂದು ಎರಡು ಸಲ ಕೇಳಿದ. ಜಯಲಕ್ಷ್ಮಮ್ಮ ಕಿಟಕಿಯಾಚೆ ನೋಡುತ್ತಾ ಕೂತಳು.

ಶ್ರೀರಂಗಪಟ್ಟಣದಲ್ಲಿ ಕಂಪನಿಯ ಆಫೀಸು ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಇಪ್ಪತ್ತಾರು ಮೆಟ್ಟಿಲು, ಲಿಫ್ಟಿಲ್ಲ. ನೆಟ್ಟಗಿರುವವರು ಮಾತ್ರ ಮೇಲೆ ಬರಲಿ ಎಂದೇ ಆರೋಗ್ಯದ ಕಂಪನಿಯವರು ಆ ಜಾಗ ಹಿಡಿದಿದ್ದರೋ ಏನೋ. ಜಯಲಕ್ಷ್ಮಮ್ಮ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲನ್ನು ಇಟ್ಟು, ನಡುವೆ ಎರಡು ಸಲ ನಿಂತು ಹತ್ತಿದಳು. ರಂಗಸ್ವಾಮಿ ಹಿಂದೆ ಹಿಂದೆಯೇ ಬಂದ.

ಮ್ಯಾನೇಜರು ಪಾಂಡವಪುರದ ಕಡೆಯ ಹುಡುಗ, ಮೂವತ್ತು ದಾಟಿರಬಹುದು. ಕುರ್ಚಿ ಎಳೆದು ಕೂರಿಸಿದ. ಆದರೆ ವಿಷಯಕ್ಕೆ ಬಂದೊಡನೆ ತಲೆಯಾಡಿಸಿದ.

“ಅಮ್ಮ, ಸ್ನೇಹ ಅವ್ರೂ ಫೋನ್ ಮಾಡಿದ್ರು. ಏನ್ಮಾಡ್ಲಿ, ಯಜಮಾನ್ರೇ ಒಪ್ಕಂಡವ್ರೆ ಅಂತ ಬರ್ದದೆ ಇಲ್ಲಿ.”

“ಬರ್ದಿರೋದ್ನ ಓದ್ಬ್ಯಾಡಿ ಸಾ. ಮಾತಾಡಿರೋದ್ನ ಕೇಳ್ಸಿ,” ಎಂದಳು ಜಯಲಕ್ಷ್ಮಮ್ಮ. “ಸಾಬೀತು ಮಾಡೋದು ನಿಮ್ಮ ಕೆಲ್ಸ ಅಂತಲ್ಲ? ಮಾಡಿ. ಇಲ್ದಿದ್ರೆ ನಾನು ಬೆಂಗ್ಳೂರ್ಗೆ ಒಂಬುಡ್ಸ್‌ಮನ್‌ಗೆ ಬರೀತೀನಿ. ಕಾಲೇ ಸರ್ಯಾಗಿಲ್ಲ, ಕೈ ಚೆನ್ನಾಗೈತೆ.”

ಮ್ಯಾನೇಜರು ಅವಳನ್ನೊಮ್ಮೆ ನೋಡಿ, ಎರಡು ಕಡೆ ಫೋನು ಮಾಡಿ, ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿದ. ಸ್ಪೀಕರಿನಿಂದ ರಂಗಸ್ವಾಮಿಯ ಕಂಠ ಹೊರಟ ರಭಸಕ್ಕೆ ಪಕ್ಕದ ಟೇಬಲ್ಲಿನ ಹುಡುಗಿ ಪೆನ್ನು ಬೀಳಿಸಿದಳು.

‘ನಿಮಗೆ ಸಕ್ಕರೆ ಇದೆಯೇ?’ ‘ಐತೆ ಕಣವ್ವ.’ ಮ್ಯಾನೇಜರು ಗಂಭೀರವಾಗಿ ತಲೆದೂಗಿದ. ‘ಹಬ್ಬುಕ್ ಮುಂಚೆ ಇಪ್ಪತ್ತೈದಿತ್ತು. ಈಗ ಇಪ್ಪತ್ತುಕ್ ಇಳ್ದದೆ.’ ಮ್ಯಾನೇಜರಿನ ತಲೆ ಅರ್ಧದಲ್ಲೇ ನಿಂತಿತು. ರಕ್ತದ ಶುಗರ್ ಇಪ್ಪತ್ತಕ್ಕೆ ಇಳಿದವನು ಫೋನಿನಲ್ಲಿ ಮಾತಾಡುವುದಿರಲಿ, ಉಸಿರಾಡುವುದೇ ಕಷ್ಟ. ಇರುವೆಯ ಮಾತು ಬರುವಷ್ಟರಲ್ಲಿ ಆಫೀಸಿನ ನಾಲ್ಕೂ ಜನ ಟೇಬಲ್ಲಿನ ಸುತ್ತ ನಿಂತಿದ್ದರು. ಪುಡಿಯ ಮಾತಿಗೆ ಮ್ಯಾನೇಜರು ತಡೆಯಲಾರದೆ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡು ರೆಕಾರ್ಡಿಂಗ್ ನಿಲ್ಲಿಸಿದ.

“ಅಯ್ಯೋ ಶಿವನೇ! ಯಜಮಾನ್ರೇ, ನೀವೇಳಿದ್ದು ತಿನ್ನೋ ಸಕ್ರೆ!”

“ಇನ್ಯಾವ ಸಕ್ರೆ ಸಾ ಇರೋದು?” ಎಂದ ರಂಗಸ್ವಾಮಿ.

ತಪ್ಪು ಕಂಪನಿಯದು ಎಂದು ಮ್ಯಾನೇಜರು ಒಪ್ಪಿಕೊಂಡ. ಗ್ರಾಹಕರೊಂದಿಗೆ ಶುದ್ಧ ಕನ್ನಡದಲ್ಲೇ ಮಾತಾಡಬೇಕೆಂದು ಮೇಲಿನವರು ಈಚೆಗಷ್ಟೇ ಆದೇಶ ಮಾಡಿ, ಪ್ರಶ್ನೆಗಳಲ್ಲಿದ್ದ ಶುಗರನ್ನೆಲ್ಲ ಸಕ್ಕರೆ ಮಾಡಿದ್ದರಂತೆ. ಅವನು ಮೇಲಿನವರಿಗೆ ಫೋನು ಮಾಡಿ, ರೆಕಾರ್ಡಿಂಗನ್ನು ಅವರಿಗೂ ಕೇಳಿಸಿ, ಅವರೂ ನಕ್ಕು ಮುಗಿಸುವ ತನಕ ಕಾದು, ನಿರಾಕರಣೆಯನ್ನು ರದ್ದು ಮಾಡಿಸಿದ. ರಂಗಸ್ವಾಮಿ ಅಲ್ಲೇ ಕಂತು ಕಟ್ಟಿದ. ಮಂಡಿಯ ಮೂರು ವರ್ಷ ಹಾಗೇ ಉಳಿಯಿತೇ ಎಂದು ಜಯಲಕ್ಷ್ಮಮ್ಮ ಮೂರು ಸಲ ಕೇಳಿದಳು. ಉಳಿಯಿತು, ಮುಂದಿನ ವಾರವೇ ಬೇಕಾದರೂ ಆಪರೇಷನ್ ಮಾಡಿಸಿ ಎಂದು ಮ್ಯಾನೇಜರು ಮೂರು ಸಲವೂ ಹೇಳಿದ. ಅವಳ ಕಣ್ಣು ತುಂಬಿಬಂತು. ಅದನ್ನು ಯಾರೂ ನೋಡದ ಹಾಗೆ ರಸೀದಿ ಓದುವವಳಂತೆ ಬಗ್ಗಿದಳು.

“ಆಯ್ತಲ್ಲ, ನಡಿಯಮ್ಮಿ. ಬಸ್ಸು ಹೊಂಟೋಯ್ತದೆ,” ಎಂದು ರಂಗಸ್ವಾಮಿ ಆಗಲೇ ಬಾಗಿಲಲ್ಲಿದ್ದ.

ಆ ಅವಸರ ನೋಡಿ ಅವಳಿಗೆ ಮತ್ತೆ ಅನುಮಾನ ಎದ್ದಿತು. “ತಡೀರಿ. ಸಾ, ಅದು ಇನ್ನೂ ಐತಲ್ಲ? ಮಿಕ್ಕಿದ್ದೂ ಹಾಕಿ. ಇವ್ರು ಇನ್ನೇನೇನ್ ಹೇಳವ್ರೋ, ಮುಂದಿನ ವರ್ಸ ಅದುಕ್ಕೊಂದು ಕಾಗ್ದ ಬಂದಾತು.”

“ಬ್ಯಾಡ ಬುಡಿ ಸಾ,” ಎಂದ ರಂಗಸ್ವಾಮಿ. ಮ್ಯಾನೇಜರಿಗೆ ಇನ್ನಷ್ಟು ನಗುವ ಆಸೆಯಿತ್ತು. ಒತ್ತಿಯೇ ಬಿಟ್ಟ.

‘ನಿಮ್ಮ ಶ್ರೀಮತಿಯವರ ಆರೋಗ್ಯದಲ್ಲಿ ಏನಾದರೂ ಬದಲಾವಣೆ ಇದೆಯೇ?’

‘ಒಸಿ ತಡ್ಯವ್ವ.’ ಚಪ್ಪಲಿಯ ಸದ್ದು, ಬಾಗಿಲಿನ ಸದ್ದು. ಆಮೇಲೆ ಬಂದದ್ದು ರಂಗಸ್ವಾಮಿಯದೇ ದನಿ, ಆದರೆ ಜಯಲಕ್ಷ್ಮಮ್ಮ ಎಂದೂ ಕೇಳದಷ್ಟು ಮೆತ್ತಗಿತ್ತು. ‘ಅವ್ಳ್ಗೆ ಮಂಡಿ ಕಣವ್ವ. ಆಗ್ಲೇ ಬರ್ದು ಕೊಟ್ಟಿವ್ನಿ. ಬೆಳಿಗ್ಗೆ ಎದ್ದೇಟ್ಗೆ ಕಾಲೂರಕ್ಕಾಗಕಿಲ್ಲ ಅವ್ಳ್ಗೆ. ಗೋಡೆ ಇಡ್ಕಂಡು ಹತ್ನಿಮಿಷ ನಿಂತಿರ್ತಾಳೆ, ತುಟಿ ಕಚ್ಕಂಡು. ನಾನೇನಾರ ಎದ್ದಿವ್ನಿ ಅಂತ ಗೊತ್ತಾದ್ರೆ, ಏನಿಲ್ಲ ಅಂತ ಹಂಗೇ ನಡ್ದುಬುಡ್ತಾಳೆ. ಅದ್ಕೇ ನಾನು ಕಣ್ಮುಚ್ಕಂಡು ಮಲ್ಗಿರ್ತೀನಿ. ಅವ್ಳು ಹಿತ್ಲುಗೋದ್ ಮ್ಯಾಕೇ ಏಳದು.’

ಆ ಕಡೆ ಟೈಪು ಮಾಡುವ ಸದ್ದಿರಲಿಲ್ಲ. ‘ಸರ್... ಅದನ್ನು ಬರೆಯಲು ಇಲ್ಲಿ ಜಾಗವಿಲ್ಲ.’

‘ಇಲ್ದಿದ್ರೆ ಬುಡು. ಒಂದೇ ಮಾತು ಕಣವ್ವ. ನಂದೇನಾರ ಎಚ್ಚುಕಮ್ಮಿಯಾಗಿ ನಿಲ್ಸಂಗಿದ್ರೆ ನಂದು ನಿಲ್ಸ್ಕಳಿ. ಅವ್ಳುದ್ ಮಾತ್ರ ನಿಲ್ಲುಸ್ಬ್ಯಾಡಿ. ಮೂರು ವರ್ಸದಿಂದ ಒಂದೊಂದ್ ದಿನಾನೂ ಎಣ್ಸ್ಕ ಬಂದವ್ಳೆ.’

‘ಧನ್ಯವಾದಗಳು ಸರ್. ನಿಮ್ಮ ದಿನ ಶುಭವಾಗಿರಲಿ.’

ಆಫೀಸಿನಲ್ಲಿ ಯಾರೂ ನಗಲಿಲ್ಲ. ಪಕ್ಕದ ಟೇಬಲ್ಲಿನ ಹುಡುಗಿ ತನ್ನ ಜಾಗಕ್ಕೆ ಹೋಗಿ ಕೂತಳು. ರಂಗಸ್ವಾಮಿ ಬಾಗಿಲಲ್ಲಿ ನಿಂತು ಕೆಳಗಿನ ರಸ್ತೆಯ ಬಸ್ಸುಗಳನ್ನು ಒಂದೊಂದಾಗಿ ನೋಡುತ್ತಿದ್ದ, ಅವನ ಕಿವಿ ಕೆಂಪಾಗಿತ್ತು. ಬೆಳಗಾದರೂ ಏಳದ ಸೋಮಾರಿ ಎಂದು ಜಯಲಕ್ಷ್ಮಮ್ಮ ಅವನನ್ನು ಬೈಯುತ್ತಾ ಬಂದು ಎಷ್ಟೋ ವರ್ಷವಾಗಿತ್ತು. ಅವಳ ನೋವನ್ನು ಅವಳಿಗೇ ಬಚ್ಚಿಟ್ಟುಕೊಳ್ಳಲು ಬಿಟ್ಟು, ಅವನು ದಿನವೂ ಆ ಬೈಗುಳ ತಿನ್ನುತ್ತಿದ್ದ.

ಮ್ಯಾನೇಜರು ಗಂಟಲು ಸರಿಮಾಡಿಕೊಂಡ. “ಎಲ್ಲ ಆಯ್ತಮ್ಮ. ಇನ್ನೇನಾರ ಆಗ್ಬೇಕಾ?”

ಜಯಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಎದ್ದವಳು ಮತ್ತೆ ಕುರ್ಚಿಯ ಮೇಲೆ ಕೂತಳು.

“ಇನ್ನೊಂದ್ಸಲ ಹಾಕಿ ಸಾ.”

“ಸಕ್ರೆದಾ ಅಮ್ಮ?”

“ಅದಲ್ಲ. ಅದಾದ್ಮೇಲಿಂದು.”